ಎತ್ತರದ ಬೈಕು, ನಿಧಾನದ ಪರೀಕ್ಷೆ

ಡಾಂಬರು ರಸ್ತೆಯಲ್ಲಿ ದಿನವಿಡೀ ದಣಿಯದೆ ಓಡಬೇಕು, ಡಾಂಬರು ಮುಗಿದಲ್ಲಿಯೂ ನಿಲ್ಲದೆ ಮುಂದುವರಿಯಬೇಕು ಎಂಬ ಎರಡು ಆಸೆಗಳನ್ನು ಒಂದೇ ಚೌಕಟ್ಟಿಗೆ ಹೊಂದಿಸಲು ಹೊರಟವರ ಸೃಷ್ಟಿ ಅಡ್ವೆಂಚರ್ ಬೈಕು. ಅದರ ದೊಡ್ಡ ಎಂಜಿನ್ನಿನ ಶಾಖೆಯ ವಂಶಾವಳಿಯನ್ನು 1980ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಹೊರತಂದ ಆರ್ 80 ಜಿ/ಎಸ್‌ನಿಂದ ಆರಂಭಿಸುವುದು ರೂಢಿ. ಮರುವರ್ಷವೇ ಫ್ರೆಂಚ್ ಸವಾರ ಯೂಬೆರ್ ಓರಿಯೋಲ್ ಆ ಸಂಸ್ಥೆಯ ಬೈಕಿನಲ್ಲಿ ಪ್ಯಾರಿಸ್–ಡಕಾರ್ ಮರುಭೂಮಿ ಸ್ಪರ್ಧೆಯನ್ನು ಗೆದ್ದರು. ಆ ಮೂಲ ಬೈಕಿನ ತೂಕ 200 ಕೆ.ಜಿ.ಗಿಂತ ಕಡಿಮೆಯಿತ್ತು, 2023ರಲ್ಲಿ ಬಂದ ಅದರ ವಂಶಜ ಆರ್ 1300 ಜಿಎಸ್ 237 ಕೆ.ಜಿ. ತೂಗುತ್ತದೆ ಹಾಗೂ 145 ಅಶ್ವಶಕ್ತಿಯನ್ನು ಹೊಮ್ಮಿಸುತ್ತದೆ. ಡಕಾರ್ ಸ್ಪರ್ಧೆಯಾದರೋ 2011ರಿಂದ ಬೈಕುಗಳ ಎಂಜಿನ್ನಿಗೆ 450 ಸಿಸಿಯ, ಅಂದರೆ ಸಿಲಿಂಡರುಗಳ ಒಟ್ಟು ಗಾತ್ರ 450 ಘನ ಸೆಂಟಿಮೀಟರ್ ಮೀರಬಾರದೆಂಬ ಮಿತಿಯನ್ನು ವಿಧಿಸಿದೆ. ಮರುಭೂಮಿಯ ಕೀರ್ತಿಯಿಂದ ಬೆಳೆದ ದೊಡ್ಡ ಬೈಕಿಗೆ ಈಗ ಆ ಸ್ಪರ್ಧೆಯಲ್ಲೇ ಜಾಗವಿಲ್ಲವೆಂಬ ಸ್ವಾರಸ್ಯ ಜಾಹೀರಾತುಗಳಲ್ಲಿ ಕಾಣಸಿಗುವುದಿಲ್ಲ.

ಇಂತಹ ಬೈಕನ್ನು ಕೊಳ್ಳಬಯಸುವವರು ಸಾಮಾನ್ಯವಾಗಿ ಅಶ್ವಶಕ್ತಿಯನ್ನೂ ಗರಿಷ್ಠ ವೇಗವನ್ನೂ ವಿಚಾರಿಸುತ್ತಾರೆ. ಆದರೆ ಬೈಕು ಸವಾರನಿಗೆ ಒಗ್ಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮನುಷ್ಯ ನಡೆಯುವಷ್ಟು ನಿಧಾನದ ಚಲನೆಯಲ್ಲಿ. ವೇಗವಿದ್ದಾಗ ಬೈಕು ಬಹುಮಟ್ಟಿಗೆ ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುತ್ತದೆ. ವೇಗ ಕುಗ್ಗಿದಂತೆ ಆ ಹೊಣೆ ಸವಾರನ ಮೇಲೆ ಬೀಳುತ್ತದೆ, ಆಗ ಒಟ್ಟು ತೂಕಕ್ಕಿಂತಲೂ ಆ ತೂಕ ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯವಾಗುತ್ತದೆ. ತುಂಬಿದ ಕೊಡ ಸೊಂಟದ ಮೇಲಿರುವಾಗ ಓಲುವುದಕ್ಕೂ ತಲೆಯ ಮೇಲಿರುವಾಗ ಓಲುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಆರ್ 1250 ಜಿಎಸ್ ಅಡ್ವೆಂಚರ್ ಬೈಕಿನ ಟ್ಯಾಂಕು 30 ಲೀಟರಿನದು. ಅದು ತುಂಬಿದಾಗ ಸುಮಾರು 22 ಕೆ.ಜಿ. ಪೆಟ್ರೋಲು ಸವಾರನ ಎದೆಯ ಮುಂದೆ ತುಳುಕುತ್ತಿರುತ್ತದೆ. ಸಿಲಿಂಡರುಗಳೆರಡೂ ಎಡಬಲಕ್ಕೆ ಮಲಗಿರುವ ಬಾಕ್ಸರ್ ಎಂಬ ಎಂಜಿನ್ ವಿನ್ಯಾಸವು ಭಾರವನ್ನು ಕೆಳಕ್ಕೆ ಇಳಿಸಿ ಈ ತೊಂದರೆಯನ್ನು ಸ್ವಲ್ಪ ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಈ ನಿಧಾನದ ವಿದ್ಯೆಯಲ್ಲಿಯೇ ಸವಾರಿಯ ಸೂಕ್ಷ್ಮವಾದ ಸುಖವೂ ಅಡಗಿದೆ. ಹಾಫ್ ಕ್ಲಚ್, ಅಂದರೆ ಲಿವರನ್ನು ಪೂರ್ತಿ ಬಿಡದೆ ಎಂಜಿನ್ನಿನ ಬಲವನ್ನು ಅಷ್ಟಷ್ಟೇ ಚಕ್ರಕ್ಕೆ ಸೋರಗೊಡುವ ಕ್ರಮ, ಅದರ ಜೊತೆಗೆ ಹಿಂದಿನ ಬ್ರೇಕಿನ ಮೇಲೆ ಬಲಪಾದದ ಹಗುರ ಒತ್ತಡ, ತಿರುವು ಮುಗಿಯುವ ಕಡೆಗೆ ನೆಟ್ಟ ದೃಷ್ಟಿ: ಇವು ಕೂಡಿಬಂದಾಗ ಮುಕ್ಕಾಲು ಗಂಟೆಯ ಹಿಂದೆ ಮಣಭಾರವೆನಿಸಿದ್ದ ಯಂತ್ರವು ಮೈದಾನದಲ್ಲಿ ಎಂಟರ ಆಕಾರವನ್ನು ಕಾಲೂರದೆ ಬರೆಯತೊಡಗುತ್ತದೆ. ಕಲ್ಲುಹಾದಿಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುವುದು ಈ ವಿದ್ಯೆಯ ಮುಂದಿನ ಪಾಠ. ನಿಂತ ಸವಾರನ ಮಂಡಿಗಳು ತಾವೇ ಸ್ಪ್ರಿಂಗುಗಳಾಗುತ್ತವೆ, ಬೈಕು ಅವನ ಕೆಳಗೆ ತನ್ನಿಷ್ಟದಂತೆ ಓಲಾಡಿದರೂ ಅವನ ದೇಹ ನೇರವಾಗಿಯೇ ಉಳಿಯುತ್ತದೆ. ಇದನ್ನು ಕಲಿಯಲು ತಾಳ್ಮೆಯುಳ್ಳವರಿಗೆ ದೊಡ್ಡ ಬೈಕು ಹೊರೆಯೆನಿಸುವುದಿಲ್ಲ. ಕಲಿಕೆಯೇ ಬೇಸರವೆನ್ನುವವರಿಗೆ ಅದು ದುಬಾರಿ ಅಲಂಕಾರವಾಗಿ ಮನೆಯ ಮುಂದೆ ನಿಲ್ಲುತ್ತದೆ.

ಇನ್ನು ರಸ್ತೆಯ ಮಾತು. ಬೆಂಗಳೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಪುಣೆಯತ್ತ ಹೋಗುವ ಹೆದ್ದಾರಿಯಲ್ಲಿ, ಹಿಂಬದಿಯಲ್ಲಿ ಸಂಗಾತಿಯೂ ಪಕ್ಕದ ಪೆಟ್ಟಿಗೆಗಳಲ್ಲಿ ವಾರದ ಬಟ್ಟೆಬರೆಯೂ ಇದ್ದಾಗ, ದೊಡ್ಡ ಬೈಕಿಗೆ ಸಾಟಿಯಿಲ್ಲ. ಅದರ ಎಂಜಿನ್ ಆ ಭಾರವನ್ನು ಲೆಕ್ಕಿಸುವುದಿಲ್ಲ, ಗಾಳಿತಡೆ ಎದೆಯನ್ನು ಕಾಯುತ್ತದೆ, ಮತ್ತು ಚಕ್ರವು ಮೇಲೆ ಕೆಳಗೆ ಸರಿಯಲು ಇರುವ ಅವಕಾಶ, ಅಂದರೆ ಸಸ್ಪೆನ್ಷನ್ ಟ್ರಾವೆಲ್, ಉದಾರವಾಗಿರುವುದರಿಂದ ಬಿಳಿ ಪಟ್ಟೆಯೂ ಇಲ್ಲದೆ ಊರ ಬಾಗಿಲಲ್ಲಿ ಹೊಂಚಿ ಕುಳಿತ ಹಂಪುಗಳು ಬೆನ್ನುಮೂಳೆಯವರೆಗೆ ತಲುಪುವುದಿಲ್ಲ. ವಿಪರ್ಯಾಸವೆಂದರೆ ಇಂತಹ ಓಟಕ್ಕೆ ಹೇಳಿಮಾಡಿಸಿದಂತಿರುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಪ್ರವೇಶ ನಿಷಿದ್ಧ. ಅಲ್ಲಿ ಸಾವಿರದ ಮುನ್ನೂರು ಸಿಸಿಯ ಬೈಕೂ ಮೊಪೆಡ್ಡಿನ ಜೊತೆ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು.

ಮಲೆನಾಡಿನ ಒಳದಾರಿಗಳದು ಬೇರೆಯೇ ಲೆಕ್ಕ. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಾಗಲಿ, ಮೂಡಿಗೆರೆ, ಸಕಲೇಶಪುರಗಳ ಕಾಫಿ ತೋಟಗಳ ನಡುವೆ ಜೂನ್ ಕಳೆದ ಮೇಲೆ ಕೆಸರಾಗುವ ಮಣ್ಣುದಾರಿಗಳಲ್ಲಾಗಲಿ, ನೂರು ಅಶ್ವಶಕ್ತಿಗೆ ಮಾಡಲು ಕೆಲಸವೇ ಇರುವುದಿಲ್ಲ. 2004ರಲ್ಲಿ ನಟ ಯೂಅನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ನ್ಯೂಯಾರ್ಕಿಗೆ ದೊಡ್ಡ ಬೈಕುಗಳಲ್ಲಿ ಕೈಗೊಂಡ ಯಾತ್ರೆ ಈ ವರ್ಗಕ್ಕೆ ಅಪಾರ ಪ್ರಚಾರ ತಂದಿತು. ಮಂಗೋಲಿಯಾದಲ್ಲಿ ಅವರ ಛಾಯಾಗ್ರಾಹಕನ ಬೈಕಿನ ಚೌಕಟ್ಟು ಮುರಿದಾಗ ಆತ ಅಲ್ಲಿಯೇ ಕೊಂಡ ಸಣ್ಣ ರಷ್ಯನ್ ಬೈಕಿನಲ್ಲಿ ಪ್ರಯಾಣ ಮುಂದುವರಿಸಿದನೆಂಬ ಭಾಗವನ್ನು ಮಾತ್ರ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ರಜೆಯ ದಿನಗಳ ಬಹುಭಾಗವನ್ನು ಇಂತಹ ದಾರಿಗಳಲ್ಲಿಯೇ ಕಳೆಯುವವರಿಗೆ 40 ಅಶ್ವಶಕ್ತಿಯ ಹಿಮಾಲಯನ್ 450, ಅಥವಾ ಅದಕ್ಕಿಂತಲೂ ಹಗುರವಾದ ಎಕ್ಸ್‌ಪಲ್ಸ್ 200 ಹೆಚ್ಚು ಸಲ್ಲುತ್ತದೆ.

ಒಗ್ಗುವಿಕೆಯನ್ನು ಅಳೆಯಲು ಷೋರೂಮಿನ ಸುತ್ತಿನ ಟೆಸ್ಟ್ ರೈಡ್ ಸಾಲದು. ಎಂಜಿನ್ ಆರಿಸಿ, ಇಳಿಜಾರಿನ ಪಾರ್ಕಿಂಗಿನಿಂದ ಬೈಕನ್ನು ಹಿಂದಕ್ಕೆ ತಳ್ಳಿ ಹೊರತೆಗೆಯಲು ಆಗುತ್ತದೆಯೇ, 850 ಮಿ.ಮೀ. ಎತ್ತರದ ಸೀಟಿನಿಂದ ಒಂದು ಬದಿಗೆ ಜಾರಿ ಒಂದು ಪಾದವನ್ನಾದರೂ ಪೂರ್ತಿ ಊರಲು ಸಾಧ್ಯವೇ, ಬಿದ್ದ ಬೈಕಿನ ಸೀಟಿಗೆ ಬೆನ್ನು ಕೊಟ್ಟು ತೊಡೆಗಳ ಬಲದಿಂದ ಅದನ್ನು ಒಬ್ಬರೇ ಎತ್ತಿ ನಿಲ್ಲಿಸಬಲ್ಲರೇ ಎಂಬುದನ್ನು ನೋಡಬೇಕು. ಇವುಗಳಲ್ಲಿ ಸೋತರೂ ಮನಸೋತು ಕೊಂಡೇ ತೀರುವ ಸವಾರರುಂಟು, ಅವರನ್ನು ತಪ್ಪೆನ್ನಲಾಗದು. ಅಂಥವರು ಸೀಟಿನ ಫೋಮನ್ನು ಕೊರೆಸಿಕೊಳ್ಳುತ್ತಾರೆ, ಅದೂ ಸಾಲದಾದಾಗ ಸಸ್ಪೆನ್ಷನ್ನನ್ನೇ ತಗ್ಗಿಸಿಕೊಳ್ಳುತ್ತಾರೆ. ಆಗ ಕಾಲು ನೆಲಕ್ಕೆ ಎಟಕುತ್ತದೆ, ಆದರೆ ಬೈಕಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಅಷ್ಟೇ ಕಡಿಮೆಯಾಗಿ, ಹಂಪು ಬಂದಾಗ ಇನ್ನು ಮುಂದೆ ಸವಾರ ಬ್ರೇಕು ಒತ್ತಲೇಬೇಕಾಗುತ್ತದೆ.