ಬಾಲ್ಟಿಮೋರಿನ ಬಡ ದಾಂಡಿಗ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಿಂದ ಈಶಾನ್ಯಕ್ಕೆ ಸುಮಾರು 40 ಮೈಲಿ ಸಾಗಿದರೆ ಬಾಲ್ಟಿಮೋರ್ ನಗರ. ಪಟಾಪ್ಸ್ಕೊ ನದಿಯು ಚೆಸಪೀಕ್ ಕೊಲ್ಲಿಯನ್ನು ಸೇರುವ ಎಡೆಯಲ್ಲಿ 1729ರಲ್ಲಿ ಸ್ಥಾಪಿತವಾದ ಈ ಬಂದರು ರಾಜಧಾನಿಯ ನೆರೆಯಲ್ಲಿದ್ದರೂ ಅದರ ಠೀವಿಯನ್ನು ಕಲಿತದ್ದಲ್ಲ. ಗೋಡೆಗೆ ಗೋಡೆ ತಾಗುವಂತೆ ಕಟ್ಟಿದ ಕೆಂಪು ಇಟ್ಟಿಗೆಯ ಮನೆಗಳು ಬೀದಿಯುದ್ದಕ್ಕೂ ಸಾಲುಗಟ್ಟಿವೆ. ಹಲವು ಮನೆಗಳ ಮುಂದೆ ಬಿಳಿಯ ಅಮೃತಶಿಲೆಯ ನಾಲ್ಕಾರು ಮೆಟ್ಟಿಲುಗಳು. ಅವುಗಳನ್ನು ಉಜ್ಜಿ ತೊಳೆದು ಬೆಳ್ಳಗಿಡುವುದು ಹಿಂದಿನ ಗೃಹಿಣಿಯರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಕೊಲ್ಲಿಯ ಏಡಿಗಳನ್ನು ಖಾರದ ಮಸಾಲೆಯಲ್ಲಿ ಹಬೆಗಿಟ್ಟು ಬೇಯಿಸಿ, ಕಾಗದ ಹಾಸಿದ ಮೇಜಿನ ಮೇಲೆ ರಾಶಿ ಸುರುವಿ, ಮರದ ಪುಟ್ಟ ಸುತ್ತಿಗೆಯಿಂದ ಒಡೆದು ತಿನ್ನುವುದು ಇಲ್ಲಿನ ಊಟದ ರೀತಿ. ನಗರದ ಅಂಚಿನ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಒಂದು ಕಾಲಕ್ಕೆ ಜಗತ್ತಿಗೇ ದೊಡ್ಡದೆನಿಸಿದ್ದ ಉಕ್ಕಿನ ಕಾರ್ಖಾನೆ ಇತ್ತು. 2012ರಲ್ಲಿ ಅದರ ಬಾಗಿಲು ಮುಚ್ಚಿತು. ಬಂದರಿನ ಹಮಾಲಿ, ಕುಲುಮೆಯ ಕೆಲಸಗಾರ, ಹಡಗು ಕಟ್ಟುವವ — ಇಂಥವರ ದುಡಿಮೆಯಿಂದ ಬೆಳೆದ ಊರು ಇದು.

ಈ ಊರಿನ ಅಭಿಮಾನವೆಲ್ಲ ಬೇಸಗೆಯಲ್ಲಿ ಒಂದು ಹಕ್ಕಿಯ ಮೇಲೆ ನಿಲ್ಲುತ್ತದೆ. ಕಪ್ಪು ಮತ್ತು ಕಿತ್ತಳೆ ಬಣ್ಣದ ಓರಿಯೋಲ್ ಪಕ್ಷಿ ಮೇರೀಲ್ಯಾಂಡ್ ರಾಜ್ಯದ ಲಾಂಛನ; ಊರಿನ ಬೇಸ್‌ಬಾಲ್ ತಂಡಕ್ಕೂ ಅದೇ ಹೆಸರು. 1814ರಲ್ಲಿ ಇಲ್ಲಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಇಂಗ್ಲಿಷರ ಹಡಗುಗಳು ಗುಂಡಿನ ಮಳೆ ಸುರಿಸಿದ್ದನ್ನು ಕಂಡು ಬರೆದ ಗೀತೆಯೇ ಮುಂದೆ ಅಮೆರಿಕದ ರಾಷ್ಟ್ರಗೀತೆಯಾಯಿತು. ಪಂದ್ಯಕ್ಕೆ ಮೊದಲು ಅದನ್ನು ಹಾಡುವಾಗ ಗೀತೆಯಲ್ಲಿ ಬರುವ ಒಂದು ‘ಓ’ಕಾರಕ್ಕೆ ಪ್ರೇಕ್ಷಕರೆಲ್ಲ ಏಕಕಂಠದಿಂದ ದನಿಗೂಡಿಸುತ್ತಾರೆ. ಅದು ದೇಶದ ‘ಓ’ ಅಲ್ಲ, ಓರಿಯೋಲ್‌ನ ‘ಓ’ ಎಂದು ಅಲ್ಲಿನ ಮಗುವೂ ಬಲ್ಲದು.

ತಂಡದ ಈಗಿನ ಕ್ರೀಡಾಂಗಣ ಕ್ಯಾಮ್ಡೆನ್ ಯಾರ್ಡ್ಸ್ 1992ರ ಏಪ್ರಿಲಿನಲ್ಲಿ ತೆರೆಯಿತು. ಅದರ ಬಲಮಗ್ಗುಲಿಗೆ, ರೈಲ್ವೆ ಕಂಪನಿಯೊಂದರ ಹಳೆಯ ಉಗ್ರಾಣ ಸಾವಿರ ಅಡಿಗೂ ಮೀರಿ ಚಾಚಿಕೊಂಡಿದೆ. ಬೇಸ್‌ಬಾಲಿನ ಮಹಾಪುರುಷ ಬೇಬ್ ರೂತ್ ಹುಟ್ಟಿದ ಮನೆಯೂ ಇಲ್ಲಿಗೆ ಸಮೀಪ. ಕಾಲುದಾರಿಯ ಮೇಲೆ ಬರೆದಿರುವ ಚೆಂಡಿನ ಚಿತ್ರಗಳನ್ನು ಹಿಡಿದು ನಡೆದರೆ ಅದರ ಬಾಗಿಲು ಸಿಗುತ್ತದೆ. ಕ್ರೀಡಾಂಗಣದೊಳಗೆ, ಮೈದಾನದ ಆಚೆ ಬದಿಯಲ್ಲಿ, 2012ರಲ್ಲಿ ನಿಲ್ಲಿಸಿದ ಆರು ಕಂಚಿನ ಪ್ರತಿಮೆಗಳಿವೆ. ಫ್ರ್ಯಾಂಕ್ ರಾಬಿನ್‌ಸನ್, ಬ್ರೂಕ್ಸ್ ರಾಬಿನ್‌ಸನ್, ಜಿಮ್ ಪಾಮರ್, ಎಡ್ಡಿ ಮರೆ, ಕ್ಯಾಲ್ ರಿಪ್ಕೆನ್ — ಈ ಐವರು ಆಟಗಾರರು. ಆರನೆಯವನು ಮ್ಯಾನೇಜರ್ ಅರ್ಲ್ ವೀವರ್.

ಇವರಲ್ಲಿ ಬ್ರೂಕ್ಸ್ ರಾಬಿನ್‌ಸನ್ನನ ಪಕ್ಕದಲ್ಲಿ ಹತ್ತು ವರ್ಷ ನಿಂತವನು, ಪಾಮರನ ಎಸೆತಗಳಿಗೆ ಬೆನ್ನಾಗಿದ್ದವನು, ವೀವರನ ಮಾತಿನಂತೆ ಆಡಿದವನು, ರಿಪ್ಕೆನ್ನನಿಗೆ ತನ್ನ ಜಾಗವನ್ನು ಬಿಟ್ಟುಹೋದವನು ಒಬ್ಬನಿದ್ದ. ಅವನ ಪ್ರತಿಮೆ ಅಲ್ಲಿಲ್ಲ. ಅವನ ಹೆಸರು ಮಾರ್ಕ್ ಬೆಲ್ಯಾಂಜರ್. ಈತನನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೆ, ತೆಗೆಯಬೇಕೆ ಎಂಬ ಪ್ರಶ್ನೆ ಹದಿನಾಲ್ಕು ವರ್ಷ ಕಾಲ ಬಾಲ್ಟಿಮೋರಿನಲ್ಲಿ ಮತ್ತೆ ಮತ್ತೆ ಎದ್ದಿತು.

ಬೇಸ್‌ಬಾಲನ್ನು ಕಾಣದ ಓದುಗರಿಗೆ ಎರಡು ಮಾತು ಅಗತ್ಯ. ಈ ಆಟದ ಒಳಮೈದಾನ ಒಂದು ಚೌಕ. ನಾಲ್ಕು ಮೂಲೆಗಳಲ್ಲಿ ಬೇಸ್ ಎಂಬ ನಾಲ್ಕು ನೆಲೆಗಳು, ಒಂದರಿಂದೊಂದಕ್ಕೆ 90 ಅಡಿ. ಚೆಂಡನ್ನು ಹೊಡೆದ ದಾಂಡಿಗ ಮೊದಲನೆಯ ನೆಲೆಗೆ ಓಡಬೇಕು. ನೆಲದ ಮೇಲೆ ಉರುಳಿ ಬಂದ ಚೆಂಡು ಅವನಿಗಿಂತ ಮೊದಲು ಅಲ್ಲಿಗೆ ತಲುಪಿದರೆ ಅವನು ಔಟ್. ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ರನ್. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ಕಾವಲು ನಿಲ್ಲುವವನಿಗೆ ಷಾರ್ಟ್‌ಸ್ಟಾಪ್ ಎಂದು ಹೆಸರು. ದಾಂಡಿಗರಲ್ಲಿ ಹೆಚ್ಚಿನವರು ಬಲಗೈಯವರಾದ್ದರಿಂದ ಚೆಂಡು ಅವನತ್ತಲೇ ಹೆಚ್ಚಾಗಿ ಬರುತ್ತದೆ. ಅದನ್ನು ಬಾಗಿ ಹಿಡಿದು, ತಿರುಗಿ, ಮೈದಾನದ ಆ ಬದಿಗೆ ಎಸೆಯಲು ಅವನಿಗೆ ದೊರೆಯುವ ಕಾಲ ನಾಲ್ಕು ಸೆಕೆಂಡಿನ ಆಸುಪಾಸು ಮಾತ್ರ. ಒಂಬತ್ತು ಜನರಲ್ಲಿ ಅತ್ಯಂತ ಚುರುಕಾದ ಕೈಕಾಲುಗಳು ಬೇಕಾದ ಸ್ಥಾನಗಳಲ್ಲಿ ಇದೊಂದು. ಆದರೆ ಸರದಿ ಬಂದಾಗ ಅವನೂ ದಾಂಡು ಹಿಡಿಯಲೇಬೇಕು. ತೊಡಕು ಇರುವುದು ಇಲ್ಲಿಯೇ.

ಬೆಲ್ಯಾಂಜರ್ ಆಡಿದ ಕ್ರೀಡಾಂಗಣ ಕ್ಯಾಮ್ಡೆನ್ ಯಾರ್ಡ್ಸ್ ಅಲ್ಲ. ಅದನ್ನು ಹುಡುಕುವವರು ಬಂದರಿನಿಂದ ಉತ್ತರಕ್ಕೆ, 33ನೆಯ ಬೀದಿಗೆ ಹೋಗಬೇಕು. ಮೆಮೋರಿಯಲ್ ಸ್ಟೇಡಿಯಂ ಎಂಬ ಆ ಕಟ್ಟಡದ ಮುಂಗೋಡೆ ಮಹಾಯುದ್ಧಗಳಲ್ಲಿ ಮಡಿದವರ ಸ್ಮಾರಕವೂ ಆಗಿತ್ತು. ಓರಿಯೋಲ್ಸ್ ತಂಡ 1954ರಿಂದ 1991ರವರೆಗೆ ಅಲ್ಲಿಯೇ ಆಡಿತು. ಸುತ್ತಲೂ ಜನವಸತಿ, ಮೈದಾನದ ತೆರೆದ ತುದಿಯಿಂದ ಮರಗಳೂ ಮನೆಗಳೂ ಕಾಣುತ್ತಿದ್ದವು. 1968ರಲ್ಲಿ ಈ ಅಂಗಣಕ್ಕೆ ಕಾಯಂ ಷಾರ್ಟ್‌ಸ್ಟಾಪ್ ಆಗಿ ಬಂದ ಬೆಲ್ಯಾಂಜರ್ ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡಿನವನು. ಆಗ ವಯಸ್ಸು ಇಪ್ಪತ್ನಾಲ್ಕು. ಆರಡಿ ಒಂದಂಗುಲ ಎತ್ತರ, ಕಡ್ಡಿಯಂಥ ಮೈ. ಜೊತೆಗಾರರು ಇಟ್ಟ ಅಡ್ಡಹೆಸರು ‘ಬ್ಲೇಡ್’, ಅಂದರೆ ಅಲಗು.

ಆ ಅಲಗು ದಾಂಡು ಹಿಡಿದಾಗ ಮಾತ್ರ ಮೊಂಡು. ದಾಂಡಿಗನೊಬ್ಬ ಸಾವಿರ ಅವಕಾಶಗಳಲ್ಲಿ ಎಷ್ಟು ಸಲ ಹೊಡೆದು ನೆಲೆ ಸೇರಿದನೆಂಬ ಲೆಕ್ಕದಿಂದ ಅವನ ಬೆಲೆ ಕಟ್ಟುವುದು ಬೇಸ್‌ಬಾಲಿನ ಹಳೆಯ ವಾಡಿಕೆ. ಆ ದಶಕದಲ್ಲಿ ಸಾಮಾನ್ಯ ದಾಂಡಿಗನ ಸರಾಸರಿ 250ರ ಆಸುಪಾಸಿನಲ್ಲಿತ್ತು. ಬೆಲ್ಯಾಂಜರನ ಜೀವಮಾನದ ಸರಾಸರಿ 228. 1969ರಲ್ಲಿ 287, 1976ರಲ್ಲಿ 270 — ಹೀಗೆ ಎಲ್ಲೋ ಕೆಲವು ಫಲವತ್ತಾದ ವರ್ಷಗಳು. 1968ರಲ್ಲಿ 208, 1972ರಲ್ಲಿ 186, 1979ರಲ್ಲಿ 167 — ಇವು ಬರಗಾಲದವು. ಚೆಂಡನ್ನು ಬೇಲಿಯಾಚೆ ಅಟ್ಟುವ ಹೋಂ ರನ್‌ಗಳು ಹದಿನೆಂಟು ಋತುಗಳಲ್ಲಿ ಒಟ್ಟು 20 ಮಾತ್ರ.

ಹೀಗಿರುವಾಗ ಅವನನ್ನು ಬದಲಿಸಿ ಎಂದವರ ವಾದ ಹುರುಳಿಲ್ಲದ್ದೇನೂ ಅಲ್ಲ. ರನ್ ಇಲ್ಲದೆ ಗೆಲುವಿಲ್ಲ. ಒಂಬತ್ತು ಜನರ ಸರದಿಯಲ್ಲಿ ಒಬ್ಬ ಬಡವನಿದ್ದರೆ ಅವನ ಹಿಂದುಮುಂದಿನವರ ಶ್ರಮವೂ ವ್ಯರ್ಥವಾಗುತ್ತದೆ. ನೆಲೆಗಳಲ್ಲಿ ಕಾದು ನಿಂತ ಜೊತೆಗಾರರು ಅವನು ಔಟಾದೊಡನೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಅಮೆರಿಕನ್ ಲೀಗಿನಲ್ಲಿ 1973ರಿಂದ ಎಸೆತಗಾರನ ಬದಲು ಬೇರೊಬ್ಬ ಸಮರ್ಥ ದಾಂಡಿಗ ಹೊಡೆಯಬಹುದೆಂಬ ನಿಯಮ ಬಂದಿತು. ಅಲ್ಲಿಯವರೆಗೆ ಎಸೆತಗಾರನ ದಾಂಡು ಇನ್ನೂ ಬಡವಾಗಿದ್ದುದರಿಂದ ಬೆಲ್ಯಾಂಜರನ ಬಡತನಕ್ಕೆ ಒಂದು ಮರೆ ಇತ್ತು. ಆ ಮರೆಯೂ ಹೋಯಿತು.

ಇದು ತಕ್ಕಡಿಯ ಒಂದು ತಟ್ಟೆ. ಇನ್ನೊಂದು ತಟ್ಟೆಯಲ್ಲಿದ್ದುದು ಅವನ ಕೈಗಳು. ಕ್ಷೇತ್ರರಕ್ಷಣೆಯಲ್ಲಿ ಉತ್ತಮರಾದವರಿಗೆ ಕೊಡುವ ಚಿನ್ನದ ಕೈಗವಸು ಅವನಿಗೆ ಎಂಟು ಸಲ ಸಂದಿತು. ಎಡಕ್ಕೆ ಮೂರನೆಯ ನೆಲೆಯಲ್ಲಿ ಬ್ರೂಕ್ಸ್ ರಾಬಿನ್‌ಸನ್, ಅವನ ಪಕ್ಕದಲ್ಲಿ ಬೆಲ್ಯಾಂಜರ್ — ಈ ಇಬ್ಬರ ನಡುವೆ ಚೆಂಡು ನುಸುಳುವುದು ದುಸ್ತರವಾಗಿತ್ತು. 1971ರಲ್ಲಿ ತಂಡದ ನಾಲ್ವರು ಎಸೆತಗಾರರು ತಲಾ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆದ್ದರು. ಆ ಕೀರ್ತಿ ಎಸೆದವರಿಗೆ ಸಲ್ಲತಕ್ಕದ್ದೇ. ಆದರೆ ಬೆನ್ನ ಹಿಂದೆ ಇಂಥ ಕಾವಲಿದೆಯೆಂಬ ಭರವಸೆ ಇರುವವನು ಎದುರಾಳಿಗೆ ಹೊಡೆಯಲು ಬಿಟ್ಟು ಧೈರ್ಯವಾಗಿ ಎಸೆಯಬಲ್ಲ. ಕೆರೆಯಲ್ಲಿ ನೀರು ತುಂಬಿದ್ದರೆ ಜನ ಮಳೆಯನ್ನು ಹೊಗಳುತ್ತಾರೆಯೇ ಹೊರತು ಏರಿಯನ್ನಲ್ಲ. ಏರಿಯ ನೆನಪಾಗುವುದು ಅದು ಒಡೆದ ದಿನ.

ಈ ಎರಡು ತಟ್ಟೆಗಳನ್ನು ಸರಳವಾಗಿ ತೂಗಿ ನೋಡಬಹುದು. ಒಂದು ಋತುವಿನಲ್ಲಿ 500 ಅವಕಾಶವೆಂದು ಹಿಡಿದರೆ, 250ರ ದಾಂಡಿಗನಿಗಿಂತ 228ರ ದಾಂಡಿಗ ಕಳೆದುಕೊಳ್ಳುವುದು ಹನ್ನೊಂದು ಹೊಡೆತ. ಬೆಲ್ಯಾಂಜರನ ಹೊಡೆತಗಳಲ್ಲಿ ಬಲ ಕಡಿಮೆಯಾದ್ದರಿಂದ ನಷ್ಟವನ್ನು ಇಮ್ಮಡಿ ಮಾಡೋಣ, ಇಪ್ಪತ್ತೆರಡು. ಋತುವಿನ ಅವಧಿ ಆರು ತಿಂಗಳು, ಅಂದರೆ ಇಪ್ಪತ್ತಾರು ವಾರ. ಬೇರೆಯವನು ಬಿಡುತ್ತಿದ್ದ ಚೆಂಡುಗಳಲ್ಲಿ ವಾರಕ್ಕೊಂದನ್ನು ಇವನು ಹಿಡಿದರೂ ಸಾಲ ತೀರಿತು! ಆದರೆ ಹೊಡೆಯದೆ ಹೋದದ್ದು ಮರುದಿನದ ಪತ್ರಿಕೆಯಲ್ಲಿ ಅಂಕಿಯಾಗಿ ಅಚ್ಚಾಗುತ್ತದೆ. ಬೇರೆಯವನು ಬಿಡುತ್ತಿದ್ದ ಚೆಂಡನ್ನು ಇವನು ಹಿಡಿದದ್ದಕ್ಕೆ ಆ ಕಾಲದ ಪತ್ರಿಕೆಯಲ್ಲಿ ಕಾಲಂ ಇರಲಿಲ್ಲ. ಖರ್ಚು ಮಾತ್ರ ಬರೆದು ಜಮಾ ಬರೆಯದ ಲೆಕ್ಕದ ಪುಸ್ತಕದಲ್ಲಿ ಯಾವ ಶೆಟ್ಟರ ಅಂಗಡಿ ತಾನೆ ಲಾಭ ತೋರಿಸೀತು? ಹಳೆಯ ಪಂದ್ಯಗಳ ದಾಖಲೆಗಳನ್ನು ಕೆದಕಿ ಮುಂದೆ ಲೆಕ್ಕ ಹಾಕಿದವರು, ಸಾಮಾನ್ಯ ಷಾರ್ಟ್‌ಸ್ಟಾಪ್‌ಗಿಂತ ಬೆಲ್ಯಾಂಜರ್ ತನ್ನ ಜೀವಮಾನದಲ್ಲಿ ಸುಮಾರು 240 ರನ್ನುಗಳನ್ನು ತಡೆದನೆಂದು ಅಂದಾಜು ಮಾಡಿದ್ದಾರೆ. ಬೇಸ್‌ಬಾಲಿನ ಇತಿಹಾಸದಲ್ಲಿಯೇ ಅಂಥವರು ಬೆರಳೆಣಿಕೆಯಷ್ಟು.

ಆ ಲೆಕ್ಕಗಳಿಲ್ಲದ ಕಾಲದಲ್ಲಿ ಅರ್ಲ್ ವೀವರ್ ಕಣ್ಣಳತೆಯಿಂದಲೇ ತೂಗಿದ. ಗಿಡ್ಡ ಆಳು, ಮುಂಗೋಪಿ, ಪಂದ್ಯದ ತೀರ್ಪುಗಾರರೊಡನೆ ಜಗಳಕ್ಕೆ ಹೆಸರಾದವನು; ಆದರೆ ಆಟಗಾರರ ಗುಣದೋಷಗಳನ್ನು ಬಿಡಿಸಿ ನೋಡುವುದರಲ್ಲಿ ಸೂಕ್ಷ್ಮಮತಿ. 1975ರ ಸೆಪ್ಟೆಂಬರಿನಲ್ಲಿ ಅವನು ಹೂಡಿದ ಉಪಾಯ ಇಂದಿಗೂ ನಗೆಯನ್ನೂ ಮೆಚ್ಚುಗೆಯನ್ನೂ ತರುವಂಥದು. ಪರಸ್ಥಳದ ಪಂದ್ಯಗಳಲ್ಲಿ ಅತಿಥಿ ತಂಡವೇ ಮೊದಲು ದಾಂಡು ಹಿಡಿಯುತ್ತದೆ. ಅಂಥ ಕೆಲವು ಪಂದ್ಯಗಳಲ್ಲಿ ವೀವರ್ ಷಾರ್ಟ್‌ಸ್ಟಾಪ್ ಎಂದು ಬೇರೊಬ್ಬ ದಾಂಡಿಗನ ಹೆಸರನ್ನು ಸರದಿಯ ಮೊದಲಿಗೇ ಬರೆದುಕೊಟ್ಟ. ಆತ ಒಮ್ಮೆ ಹೊಡೆದು ಕುಳಿತ; ತಂಡ ಕಾವಲಿಗೆ ಇಳಿಯುವ ಹೊತ್ತಿಗೆ ಆ ಜಾಗದಲ್ಲಿ ಬೆಲ್ಯಾಂಜರ್ ನಿಂತಿದ್ದ. ದಾಂಡಿನ ದೋಷಕ್ಕೆ ಮದ್ದು ಹುಡುಕಿದನಲ್ಲದೆ ಕೈಗಳನ್ನು ಕಳೆದುಕೊಳ್ಳಲು ಒಪ್ಪಲಿಲ್ಲ.

ಆ ಬಡ ದಾಂಡು ಎಂದೂ ಕೈಹಿಡಿಯಲಿಲ್ಲವೆಂದರೆ ತಪ್ಪಾದೀತು. 1969ರ ಅಕ್ಟೋಬರ್ 4ರಂದು ಲೀಗಿನ ಪಟ್ಟಕ್ಕಾಗಿ ಮಿನಸೋಟ ತಂಡದೊಡನೆ ನಡೆದ ಮೊದಲ ಪಂದ್ಯದಲ್ಲಿ ಬೆಲ್ಯಾಂಜರ್ ಒಂದು ಹೋಂ ರನ್ ಹೊಡೆದ. ಆಟ ಒಂಬತ್ತು ಇನ್ನಿಂಗ್ಸ್ ಮೀರಿ ಹನ್ನೆರಡಕ್ಕೆ ಬೆಳೆಯಿತು. ಆಗ ಮೂರನೆಯ ನೆಲೆಯಲ್ಲಿ ನಿಂತಿದ್ದವನು ಅವನೇ. ಪಾಲ್ ಬ್ಲೇರ್ ಚೆಂಡನ್ನು ಮೆಲ್ಲಗೆ ತಟ್ಟಿ ಉರುಳಿಸಿದ. ಬೆಲ್ಯಾಂಜರ್ ಓಡಿ ಬಂದು ಗೆಲುವಿನ ರನ್ ತಂದ.

1979ರಲ್ಲಿ ಅವನ ದಾಂಡು ಪೂರ್ತಿ ಮಲಗಿದಾಗ ವೀವರ್ ಕಿಕೊ ಗಾರ್ಸಿಯ ಎಂಬ ತರುಣನಿಗೆ ಹೆಚ್ಚಿನ ಅವಕಾಶ ಕೊಟ್ಟ. ಆ ವರ್ಷದ ವಿಶ್ವ ಸರಣಿಯ ಮೂರನೆಯ ಪಂದ್ಯದಲ್ಲಿ ಗಾರ್ಸಿಯ ನಾಲ್ಕು ಸಲ ಹೊಡೆದು ನೆಲೆ ಸೇರಿದ. ಪ್ರಶ್ನೆ ಬಗೆಹರಿಯಿತೆಂದು ಹಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಮರುವರ್ಷವೇ ಆ ದಾಂಡೂ ಬತ್ತಿತು. 1981ರ ಋತುವಿಗೆ ಮೊದಲು ಗಾರ್ಸಿಯ ಹ್ಯೂಸ್ಟನ್ ತಂಡಕ್ಕೆ ಹೋದ. ಕೆಲವು ದಿನಗಳ ಹೊಡೆತವನ್ನು ನೋಡಿ ಹಲವು ವರ್ಷಗಳ ಕಾವಲನ್ನು ಮಾರಬಾರದೆಂಬುದು ಬಾಲ್ಟಿಮೋರಿಗೆ ಮತ್ತೊಮ್ಮೆ ಮನವರಿಕೆಯಾಯಿತು.

ಹಾಗೆಂದು ಯಾವ ಜಾಗವೂ ಯಾರಿಗೂ ಶಾಶ್ವತವಲ್ಲ. 1981ರಲ್ಲಿ ಬೆಲ್ಯಾಂಜರನ ಸರಾಸರಿ 165. ವಯಸ್ಸು ಮೂವತ್ತೇಳು. ಆ ಋತುವಿನ ಕೊನೆಗೆ ತಂಡ ಅವನನ್ನು ಬಿಟ್ಟಿತು. ಲಾಸ್ ಏಂಜಲಿಸ್ಸಿನಲ್ಲಿ ಒಂದು ವರ್ಷ ಆಡಿ ಅವನು ಆಟದಿಂದ ನಿವೃತ್ತನಾದ. 1982ರ ಜುಲೈ 1ರಂದು ವೀವರ್ ಆ ಜಾಗದಲ್ಲಿ ಆರಡಿ ನಾಲ್ಕಂಗುಲದ ಕ್ಯಾಲ್ ರಿಪ್ಕೆನ್ನನನ್ನು ನಿಲ್ಲಿಸಿದ. ಇಷ್ಟು ಎತ್ತರದವನಿಗೆ ಷಾರ್ಟ್‌ಸ್ಟಾಪ್ ಒಗ್ಗದೆಂಬುದು ಅಂದಿನ ಸಾಮಾನ್ಯ ನಂಬಿಕೆ. ರಿಪ್ಕೆನ್ ಆ ಒಂದೇ ವರ್ಷದಲ್ಲಿ 28 ಹೋಂ ರನ್ ಹೊಡೆದ — ಬೆಲ್ಯಾಂಜರನ ಜೀವಮಾನದ ಗಳಿಕೆಗಿಂತ ಎಂಟು ಹೆಚ್ಚು. ಇಷ್ಟೇ ಆಗಿದ್ದರೆ ಕತೆ ಅರ್ಧ ಮಾತ್ರ. 1990ರಲ್ಲಿ ಇಡೀ ಋತು ಷಾರ್ಟ್‌ಸ್ಟಾಪ್ ಆಗಿ ನಿಂತು ಅವನು ಮಾಡಿದ ತಪ್ಪುಗಳು ಮೂರೇ ಮೂರು. 1983ರ ವಿಶ್ವ ಸರಣಿಯ ಕಟ್ಟಕಡೆಯ ಚೆಂಡು ನೇರವಾಗಿ ಬಂದು ಸೇರಿದ್ದೂ ಅವನ ಕೈಗವಸನ್ನೇ. ದಾಂಡು ಬಂದಿತು, ಕೈಗಳು ಹೋಗಲಿಲ್ಲ. ಆದ್ದರಿಂದ ಬದಲಾವಣೆ ಸಾರ್ಥಕವಾಯಿತು.

‘ಇವನ ದಾಂಡು ಬಡವೇ?’ ಎಂಬುದು ಕೇಳಬೇಕಾದ ಪ್ರಶ್ನೆಯ ಅರ್ಧ. ‘ಇವನು ಹೋದ ಮೇಲೆ ಆ ಚೆಂಡುಗಳನ್ನು ಹಿಡಿಯುವವರು ಯಾರು?’ ಎಂಬುದು ಉಳಿದರ್ಧ. ಎರಡನೆಯದಕ್ಕೆ ಉತ್ತರ ದೊರೆಯುವವರೆಗೆ ಬಾಲ್ಟಿಮೋರ್ ಕಾಯಿತು. ಆ ಹದಿನಾಲ್ಕು ವರ್ಷಗಳಲ್ಲಿ ತಂಡ ನಾಲ್ಕು ಸಲ ಲೀಗಿನ ಪಟ್ಟವನ್ನೂ 1970ರಲ್ಲಿ ವಿಶ್ವ ಸರಣಿಯನ್ನೂ ಗೆದ್ದಿತು. ಕಾದದ್ದು ನಷ್ಟದ ಬಾಬತ್ತೆಂದು ಯಾರು ಹೇಳಿಯಾರು?

ಬೆಲ್ಯಾಂಜರ್ ಮುಂದೆ ಆಟಗಾರರ ಸಂಘಕ್ಕಾಗಿ ದುಡಿದು, 1998ರಲ್ಲಿ, ಐವತ್ನಾಲ್ಕನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಹಳೆಯ ಕ್ರೀಡಾಂಗಣವನ್ನೂ ಕೆಡವಿದರು. 33ನೆಯ ಬೀದಿಯ ಆ ನೆಲದಲ್ಲಿ ಈಗ ವೃದ್ಧರ ವಸತಿಗಳೂ ಮಕ್ಕಳಿಗಾಗಿ ಮಾಡಿದ ಒಂದು ಆಟದ ಮೈದಾನವೂ ಇವೆ. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ಅಲ್ಲಿಯೂ ಒಂದು ಮಗು ಮಂಡಿ ಬಗ್ಗಿಸಿ, ಕೈಗವಸನ್ನು ನೆಲಕ್ಕೆ ತಾಗಿಸಿ ನಿಲ್ಲುತ್ತದೆ. ಆ ಮಗುವಿನ ದಾಂಡು ಹೇಗಿದೆಯೆಂದು ಕೇಳುವ ಮೊದಲು ಅದು ಹಿಡಿಯುವ ಚೆಂಡನ್ನೊಮ್ಮೆ ನೋಡುವುದು ಒಳ್ಳೆಯದು.