ಸೋತವರ ಮನೆಯ ಮಾತು

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಭಾಗದ ಹಾಡು-ಮಾತುಗಳಿಗೆ ಒಂದು ನೆಲೆ ದೊರೆಯಿತು. ಮುಂದೆ ಬಾನುಲಿಯ ವರದಿಗಾರನಾಗಿ ಬೆಳಗಾವಿ ಜಿಲ್ಲೆಯ ಊರುಗಳನ್ನು ಸುತ್ತಿದ ನಾನು ಕಂಡುಕೊಂಡ ಸತ್ಯವೊಂದೇ: ಗೆಲುವು ತಾನಾಗಿ ಮಾತನಾಡುತ್ತದೆ, ಸೋಲಿನ ಮಾತನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಕಿತ್ತೂರನ್ನೇ ನೋಡಿರಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಹತನಾದ. ಗೀಗೀ ಮೇಳದವರು ಆ ದಿನವನ್ನು ಎಷ್ಟು ಹಾಡಿದರೂ ದಣಿಯರು. ಧ್ವನಿಮುದ್ರಣ ಅಲ್ಲಿ ಸುಲಭವಾಗಿತ್ತು. ಆದರೆ ಡಿಸೆಂಬರ್ ತಿಂಗಳಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಲಿಂಗೈಕ್ಯರಾದರು. ನಾಲ್ಕು ವರ್ಷ ಮೀರಿದ ಆ ಸೆರೆವಾಸದ ಬಗ್ಗೆ ಕೇಳಿದರೆ, ನಾನು ಕಂಡ ಹಾಡುಗಾರರು ಒಂದೆರಡು ನುಡಿ ಹೇಳಿ ದಪ್ಪು ಕೆಳಗಿಡುತ್ತಿದ್ದರು.

ರಾಮದುರ್ಗದಲ್ಲಿಯೂ ಇದೇ ಅನುಭವ. 1939ರ ಏಪ್ರಿಲ್‌ನಲ್ಲಿ ಸಂಸ್ಥಾನದ ಪ್ರಜೆಗಳು ಸಿಡಿದೆದ್ದಾಗ ಪೊಲೀಸರೂ ಪ್ರಾಣ ಕಳೆದುಕೊಂಡರು. ಹೋರಾಟಗಾರರ ಮನೆಯಲ್ಲಿ ಕಥೆಯಿರುತ್ತದೆ. ಸತ್ತ ಪೊಲೀಸರ ಮನೆಯಲ್ಲಿ ಮೌನವಿರುತ್ತದೆ. ಎರಡಕ್ಕೂ ಕಿವಿಗೊಡದಿದ್ದರೆ ಚರಿತ್ರೆ ಪೂರ್ಣವಾಗದು.

ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1971ರ ಯುದ್ಧದಲ್ಲಿ ಹೋರಾಡಿದ ನಿವೃತ್ತ ಸೈನಿಕರೊಬ್ಬರಿದ್ದರು. ಮೊದಲ ಎರಡು ಸಲ ಅವರು ಚಹಾ ಕುಡಿಸಿ, ಮಳೆ-ಬೆಳೆಯ ಮಾತನಾಡಿ ನನ್ನನ್ನು ಕಳುಹಿಸಿಕೊಟ್ಟರು. ಮೂರನೆಯ ಸಲ, ತಮ್ಮ ಪಕ್ಕದಲ್ಲಿಯೇ ಮಡಿದ ಗೆಳೆಯನ ಹೆಸರು ಹೇಳಿ ಬಹಳ ಹೊತ್ತು ಸುಮ್ಮನಾದರು. ನಾನು ಯಂತ್ರವನ್ನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಮಡದಿ, "ಇಷ್ಟ್ ವರ್ಷದಾಗ ಈ ಹೆಸರ ನಮಗೂ ಹೇಳಿರಲಿಲ್ರೀ" ಎಂದರು. ಪ್ರಸಾರಕ್ಕೆ ಹೊಂದಿಸುವಾಗ ಮಾತುಗಳನ್ನು ಕಡಿಮೆ ಮಾಡಿದೆ. ಆ ಮೌನವನ್ನು ಮಾತ್ರ ಕತ್ತರಿಸಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಬಂದು ಕೇಳಿದ್ದು ಯುದ್ಧದ ವರ್ಣನೆಯನ್ನಲ್ಲ, ಆ ಭಾಗವನ್ನೇ.

ಬಂಧುಗಳೇ, ಅಂದು ಹೆಗಲಿಗೆ ಭಾರವಾಗಿದ್ದ ಯಂತ್ರದ ಕೆಲಸವನ್ನು ಇಂದು ಅಂಗೈಯಲ್ಲಿನ ಮೊಬೈಲು ಮಾಡುತ್ತದೆ. ಮನೆಯ ಹಿರಿಯರ ಮಾತನ್ನು ಹಿಡಿದಿಡಿರಿ. ಮೊದಲಿಗೆ ಅವರ ಹೆಸರು, ಊರು, ದಿನಾಂಕಗಳನ್ನು ಹೇಳಿರಿ. ಇವಿಲ್ಲದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಅದು ಯಾರದೋ ಧ್ವನಿಯಾದೀತು. ಅವರು ಇಸವಿ ತಪ್ಪಿ ಹೇಳಿದರೆ ನಡುವೆ ತಿದ್ದಬೇಡಿರಿ. ಸರಿಯಾದುದನ್ನು ಬೇರೆ ಹಾಳೆಯಲ್ಲಿ ಬರೆದಿಡಿರಿ. ಅವರು ಸುಮ್ಮನಾದಾಗ ಅವಸರಪಡಿಸಬೇಡಿರಿ.

ಕಿತ್ತೂರು ಉತ್ಸವಕ್ಕೆ ಮಕ್ಕಳನ್ನು ಕರೆದೊಯ್ಯುವವರು ಬೈಲಹೊಂಗಲದ ಸಮಾಧಿಯನ್ನೂ ತೋರಿಸಿರಿ. ಗೆದ್ದ ದಿನದ ಜೊತೆಗೆ, ಸೋತ ಮೇಲೂ ಬಾಳಿದ ದಿನಗಳನ್ನು ಅವರು ತಿಳಿಯಲಿ.