ಬಿಳಿ ಕಾಗೆಯ ತಾಯಿ

‘ಕಾಗೆ ಹಾರಿಸುವುದು’ ಎಂದರೆ ಸುಳ್ಳು ಹೇಳುವುದು. ಅದೂ ಬಿಳಿ ಕಾಗೆಯಾದರೆ ಕೇಳುವುದೇ ಬೇಡ. ಹಾಗಾಗಿ ಹೋದ ವರ್ಷ ಮಳೆಗಾಲ ಹಿಡಿಯುವ ಮುನ್ನ ಪಕ್ಕದ ಮನೆಯ ಹುಡುಗ ಓಡಿಬಂದು, “ನಿಮ್ಮ ಹಿತ್ತಿಲಲ್ಲಿ ಬಿಳಿ ಕಾಗೆ ಕೂತಿದೆ” ಎಂದಾಗ ನಾನು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅವನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ. ಕಾಗೆ ನಿಜಕ್ಕೂ ಇತ್ತು.

ಹಲಸಿನ ಮರದ ಕೆಳಗಿನ ಕೊಂಬೆಯಲ್ಲಿ ಕೂತಿತ್ತು. ಆಗತಾನೇ ಗೂಡು ಬಿಟ್ಟ ಮರಿ. ಹತ್ತಿರದಿಂದ ನೋಡಿದರೆ ಪೂರ್ತಿ ಬಿಳಿಯೇನಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ, ಕುತ್ತಿಗೆಯ ಬಳಿ ಮಾತ್ರ ಬೆಳ್ಳಗೆ. ಬಾಯಿ ತೆರೆದು ಕೂಗುತ್ತಿತ್ತು. ಅಷ್ಟರಲ್ಲಿ ಮಾಮೂಲಿ ಬಣ್ಣದ ದೊಡ್ಡ ಕಾಗೆಯೊಂದು ಮೀನಿನ ತುಂಡು ಕಚ್ಚಿಕೊಂಡು ಬಂದು ಅದರ ಗಂಟಲಿಗೆ ತುರುಕಿ ಹೋಯಿತು. ಪಕ್ಕದ ಕೊಂಬೆಯಲ್ಲಿದ್ದ ಕಪ್ಪು ಮರಿಗೂ ಹಾಗೆಯೇ ತಿನ್ನಿಸಿತು.

ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಹುಡುಗರು ಮೊಬೈಲ್ ಹಿಡಿದು ಬಂದರು. ಒಬ್ಬರು ಇದು ಬರ್ಕತ್ ಎಂದರೆ, ಇನ್ನೊಬ್ಬರು ಮನೆಗೆ ಕೇಡು ಎಂದರು. ಹಿಡಿದು ಮಾರಿದರೆ ಒಳ್ಳೆಯ ದುಡ್ಡು ಸಿಗುತ್ತದೆ ಎಂದವರೂ ಇದ್ದರು. ಇಸ್ಲಾಮಿಗೆ ಮೊದಲು ಅರಬರು ಹಕ್ಕಿ ಯಾವ ಕಡೆಗೆ ಹಾರಿತು ಎಂದು ನೋಡಿ ಪ್ರಯಾಣ ನಿರ್ಧರಿಸುತ್ತಿದ್ದರು. ಅಪಶಕುನಕ್ಕೆ ಅರಬಿಯಲ್ಲಿರುವ ‘ತಿಯರಾ’ ಎಂಬ ಪದ ಹುಟ್ಟಿದ್ದೇ ಹಕ್ಕಿ ಎಂಬರ್ಥದ ‘ತೈರ್’ನಿಂದ. ಪ್ರವಾದಿಯವರು(ಸ) ಅದನ್ನು ನಿಷೇಧಿಸಿದರು. ಆದರೂ ನಾವಿನ್ನೂ ಹಕ್ಕಿಯ ರೆಕ್ಕೆಯಲ್ಲಿ ನಮ್ಮ ಹಣೆಬರಹ ಓದುತ್ತೇವೆ.

ವಿಷಯ ಅಷ್ಟೇನೂ ನಿಗೂಢವಲ್ಲ. ಕಾಗೆಯ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದು ಹುಟ್ಟಿನಿಂದಲೇ ಒಂದಿಷ್ಟೂ ತಯಾರಾಗದಿದ್ದರೆ ಆಲ್ಬಿನೊ. ಅಂಥ ಹಕ್ಕಿಯ ಕಣ್ಣು ಕೆಂಪು, ದೃಷ್ಟಿ ಮಂದ. ಹೆಚ್ಚಿನವು ಬೇಗ ಸಾಯುತ್ತವೆ. ಬಣ್ಣದ ಕೋಶಗಳೇ ಚರ್ಮವನ್ನು ತಲುಪದಿದ್ದರೆ ಲ್ಯೂಸಿಸಂ. ಗರಿ ಬಿಳಿಯಾದರೂ ಕಣ್ಣಿಗೆ ಬಣ್ಣವಿರುತ್ತದೆ. ಬಿಳಿ ನವಿಲು ಈ ಬಗೆಯದು. ಇನ್ನು ಕೆಲವು ಹಕ್ಕಿಗಳಲ್ಲಿ ಕಪ್ಪು ಬಣ್ಣ ಪೂರ್ತಿ ಕಪ್ಪಾಗದೆ ಕಂದಾಗಿಯೇ ಉಳಿಯುತ್ತದೆ. ಅಂಥ ಗರಿ ಬಿಸಿಲಿಗೆ ಮಾಸುತ್ತ ಮಾಸುತ್ತ ಬೆಳ್ಳಗಾಗುತ್ತದೆ. ನಮ್ಮ ಮರಿಯ ಕಣ್ಣು ಕೆಂಪಾಗಿರಲಿಲ್ಲ. ಬಹುಶಃ ಅದು ಈ ಮೂರನೆಯ ಬಗೆಯದಿರಬೇಕು.

ಬಣ್ಣ ಬೇರೆಯಾದ ಮಾತ್ರಕ್ಕೆ ದೋಷವೆಂದು ಹೇಳುವಂತೆಯೂ ಇಲ್ಲ. ಉದ್ದ ಬಾಲದ ರಾಜಹಕ್ಕಿಯ ಗಂಡುಗಳಲ್ಲಿ ಬಿಳಿಯವೂ ಇವೆ, ಕೆಂಗಂದು ಬಣ್ಣದವೂ ಇವೆ, ಎರಡೂ ಸಹಜವೇ. ಸಲೀಂ ಅಲಿಯವರು ಮುಂಬೈಯಲ್ಲಿ ಹುಡುಗನಾಗಿದ್ದಾಗ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಗುರುತಿತ್ತು. ಅದೇನೆಂದು ಕೇಳಿದಾಗ ಮಾವ ಅಮೀರುದ್ದೀನ್ ತಯ್ಯಬ್‌ಜಿ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅದು ಕೆಟ್ಟುಹೋದ ಗುಬ್ಬಿಯಲ್ಲ, ಹಳದಿ ಕೊರಳಿನ ಗುಬ್ಬಿ ಎಂಬ ಬೇರೆಯೇ ಜಾತಿ ಎಂದು ಅಲ್ಲಿ ತಿಳಿಯಿತು. ಆ ಹುಡುಗ ಮುಂದೆ ದೇಶದ ಅತಿ ದೊಡ್ಡ ಪಕ್ಷಿತಜ್ಞರಾದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ.

ಬಣ್ಣಗೆಟ್ಟದ್ದು ಎನ್ನುವಂತೆ ನಾವು ಬೈಗುಳವಾಗಿ ಬಳಸುವ ಇನ್ನೊಂದು ಮಾತು ‘ಬೆರಕೆ’. ನಮ್ಮ ಕರಾವಳಿಯಲ್ಲಿ ಬೆಳ್ಳಕ್ಕಿಯೂ ಕಡಲ ದಂಡೆಯ ಬಕವೂ ಕೂಡಿ ಹುಟ್ಟಿದಂತೆ ಕಾಣುವ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹಕ್ಕಿಗಳು ನೋಡುವವರನ್ನು ಗೊಂದಲಕ್ಕೆ ಕೆಡಹುತ್ತವೆ. ಅಷ್ಟು ದೂರ ಹೋಗುವುದೂ ಬೇಡ, ಮನೆಯ ಕೋಳಿಯ ಕಾಲು ನೋಡಿ. ಊರಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಕಾಲದಿಂದ ನಂಬಿದ್ದರು. ಅದರ ಹಳದಿ ಕಾಲಿನ ವಂಶವಾಹಿ ಮಾತ್ರ ನಮ್ಮ ಘಟ್ಟದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೆರಕೆಯಿಲ್ಲದ ಕೋಳಿ ಹುಡುಕುವವನು ಹಸಿದೇ ಇರಬೇಕು.

ಇಷ್ಟೆಲ್ಲ ಓದಿ ತಿಳಿದುಕೊಂಡ ಮೇಲೂ ಆ ಮರಿ ನನ್ನ ತಲೆಯಿಂದ ಹೋಗಲಿಲ್ಲ. ಕಾರಣ ಬೇರೆ ಇತ್ತು.

ನನ್ನ ತಂಗಿಗೆ ಹನ್ನೊಂದನೇ ವಯಸ್ಸಿನಲ್ಲಿ ತುಟಿಯ ಪಕ್ಕ ಬಿಳಿ ಕಲೆ ಕಾಣಿಸಿತು. ಎರಡು ವರ್ಷದಲ್ಲಿ ಕೈಗೂ ಕುತ್ತಿಗೆಗೂ ಹರಡಿತು. ತೊನ್ನು ಅಂಟುರೋಗವಲ್ಲ, ಚರ್ಮದ ಬಣ್ಣದ ಕೋಶಗಳು ನಾಶವಾಗುವುದಷ್ಟೇ ಎಂದು ಡಾಕ್ಟರು ಹೇಳಿದ್ದರು. ಉಮ್ಮ ಕೇಳಿಸಿಕೊಂಡರು, ಆದರೆ ಬಂದವರು ಹೇಳಿದ ಎಣ್ಣೆಗಳನ್ನೆಲ್ಲ ಹಚ್ಚಿದರು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, ತಂಗಿಯನ್ನು ಕಂಡರೆ ಸಂಬಂಧ ತಪ್ಪೀತೆಂದು ಮನೆಯಲ್ಲಿ ಭಯ. ಅವಳನ್ನು ಹಿಂದಿನ ಕಟ್ಟಿಗೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹೊರಗಿನಿಂದ ಚಿಲಕ ಹಾಕಿದವನು ನಾನು. ಆಗ ನನಗೆ ಹದಿನೇಳು. ಎರಡು ಗಂಟೆ ಅವಳು ಒಳಗಿದ್ದಳು. ಅಳಲಿಲ್ಲ, ಬಾಗಿಲು ಬಡಿಯಲೂ ಇಲ್ಲ. ಆಮೇಲೆ ಆ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅವಳು ಶಾಲೆಯಲ್ಲಿ ಟೀಚರ್. ಆ ವಾರ ಮನೆಗೆ ಬಂದವಳು ಹಲಸಿನ ಮರದ ಕೆಳಗೆ ಬಹಳ ಹೊತ್ತು ನಿಂತಳು. ತಾಯಿಕಾಗೆ ಎರಡು ಸಲ ಬಂದು ತಿನ್ನಿಸಿ ಹೋಯಿತು. ತಂಗಿ ನಗುತ್ತಲೇ ಹೇಳಿದಳು, “ನೋಡು, ಇದನ್ನು ಯಾರೂ ಕೊಟ್ಟಿಗೆಯಲ್ಲಿ ಕೂಡಿಹಾಕಿಲ್ಲ.”

ನನಗೆ ನಗಲು ಆಗಲಿಲ್ಲ. ಇಪ್ಪತ್ತಾರು ವರ್ಷ ತಡವಾಗಿ ಅವಳ ಕ್ಷಮೆ ಕೇಳಿದೆ. “ನೀನೂ ಮಗುವೇ ಆಗಿದ್ದೆ” ಎಂದಷ್ಟೇ ಹೇಳಿ ಒಳಗೆ ಹೋಗಿ, ಮೀನಿನ ತಲೆಗಳನ್ನು ತಂದು ಹಿತ್ತಿಲ ಕಲ್ಲಿನ ಮೇಲಿಟ್ಟಳು.

ಮನುಷ್ಯರ, ಪ್ರಾಣಿಗಳ ಬಣ್ಣಗಳು ಬೇರೆಬೇರೆಯಾಗಿರುವುದನ್ನು ಫಾತಿರ್ ಅಧ್ಯಾಯದಲ್ಲಿ ಅಲ್ಲಾಹನು ನಮ್ಮ ಗಮನಕ್ಕೆ ತರುತ್ತಾನೆ. ಆ ಅಧ್ಯಾಯವನ್ನು ನಾನು ಎಷ್ಟೋ ಸಲ ಓದಿದ್ದೆ. ಚಿಲಕ ಹಾಕಿದ ದಿನಕ್ಕೂ ಮೊದಲೇ ಓದಿದ್ದೆ.

ಮಳೆ ಜೋರಾದ ಮೇಲೆ ಆ ಮರಿ ನಮ್ಮ ಹಿತ್ತಿಲಿಗೆ ಬರಲಿಲ್ಲ. ನಿಮ್ಮೂರಿನಲ್ಲಿ ಎಲ್ಲಾದರೂ ಅಂಥದೊಂದು ಕಾಗೆ ಕಂಡರೆ ಶಕುನ ಕೇಳಬೇಡಿ, ಕಲ್ಲೆಸೆಯಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ. ಅದು ಕಾಗೆ, ಅಷ್ಟೇ.